ಕೆಂಪು ನೀರಿನಲ್ಲಿ ಹೇಳಿದ ಸುಳ್ಳು

ಆ ದಿನಗಳಲ್ಲಿ ನಮ್ಮ ಹೊಳೆಗೆ ಬಾಗಿಲಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ನನಗೀಗ ಹೊಟ್ಟೆ ತುಂಬ ಸಂತೋಷವಿದೆ, ಯಾರು ನಕ್ಕರೂ ನಡೆಯುತ್ತದೆ. ಹಳೆಯ ತಪ್ಪನ್ನು ಹೇಳಬೇಕಾದದ್ದೂ ಸಂತೋಷ ಇದ್ದಾಗಲೇ. ದುಃಖದಲ್ಲಿ ಹೇಳಿದರೆ ಜನ ಅಯ್ಯೋ ಪಾಪ ಎಂದು ಬಿಟ್ಟುಬಿಡುತ್ತಾರೆ.

ತುಂಗಭದ್ರೆಯ ದಂಡೆಯಲ್ಲಿ, ಸಿರುಗುಪ್ಪದಿಂದ ಬಂಡಿಯಲ್ಲಿ ಅರ್ಧ ದಿನದ ದಾರಿಯಲ್ಲಿ ನಮ್ಮ ಅಂಬಿಗರ ಕೇರಿ. ಕೇರಿಯ ಎದುರಿಗೇ ಒಂದು ಮಡು. ಬೇಸಿಗೆಯಲ್ಲಿ ಹೊಳೆಯೆಲ್ಲ ಬರೀ ಬಂಡೆಯಾದರೂ ಅಲ್ಲಿ ಮಾತ್ರ ಆನೆ ಮುಳುಗುವಷ್ಟು ನೀರು. ಆ ಮಡುವಿನ ಬಾಗಿಲು ಹಾಕುವವಳು, ತೆಗೆಯುವವಳು ನಮ್ಮಜ್ಜಿ ಹುಲಿಗೆಮ್ಮ. ಅವಳಿಗಿಂತ ಮೊದಲು ಅವಳ ಅತ್ತೆ.

ಮುಂಗಾರಿನಲ್ಲಿ ಹಳ್ಳಗಳು ಕೂಡಿ ಮೊದಲ ಕೆಂಪು ನೀರು ಬಂದ ದಿನ ಕೇರಿಯ ಪುಟ್ಟಿಗಳೆಲ್ಲ ದಂಡೆಯ ಮೇಲೆ ಬೋರಲು ಬೀಳುತ್ತಿದ್ದವು. ಹರಿಗೋಲಿಗೆ ನಾವು ಪುಟ್ಟಿ ಅನ್ನುತ್ತೇವೆ. ಅದು ಮೀನು ತತ್ತಿಯಿಡುವ ಕಾಲ, ಬಲೆ ಮುಟ್ಟುವಂತಿಲ್ಲ. ಎಷ್ಟು ದಿನ ಎಂಬುದಕ್ಕೆ ಪಂಚಾಂಗ ಇರಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಮೊಣಕಾಲುದ್ದ ನೀರಿಗಿಳಿದು ಅಂಗೈ ಚಾಚಿ ಮುಳುಗಿಸುತ್ತಿದ್ದಳು. ನೀರೊಳಗೆ ಅಂಗೈ ಗೆರೆ ಕಂಡವೋ, ನೀರು ತಿಳಿಯಾಯಿತು, ಮರಿಗಳು ಹೊರಟವು, ಬಲೆ ತೆಗೆಯಿರಿ. ಕಾಣಲಿಲ್ಲವೋ, ನಾಳೆ ನೋಡೋಣ. ಅಷ್ಟೇ ಕಾನೂನು.

ಮಕ್ಕಳಿಗೆ ಅದೇ ಹಬ್ಬ. ಬೋರಲು ಪುಟ್ಟಿಗಳ ಅಡಿಯಲ್ಲಿ ಕಣ್ಣುಮುಚ್ಚಾಲೆ ಆಡುತ್ತಿದ್ದೆವು. ಒಳಗೆ ಡಾಂಬರು, ಹಸಿ ತೊಗಲು, ಹಳೆಯ ಮೀನು ಎಲ್ಲ ಕೂಡಿದ ವಾಸನೆ. ಮನೆಯಲ್ಲಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಡದ ಮೇಲೆ ಸುಟ್ಟ ಒಣಮೀನು. ಮೊದಲ ಎಂಟು ದಿನ ರುಚಿ. ಆಮೇಲೆ ಒಣಮೀನು ಮುಗಿದು ಚಟ್ನಿ ಒಂದೇ ಉಳಿಯುತ್ತಿತ್ತು.

ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ವರ್ಷ ಹೊಳೆಯ ಮೀನು ಹರಾಜಾಯಿತು. ಗುತ್ತಿಗೆ ಹಿಡಿದವನು ಎಲ್ಲಿಯವನೋ, ಬಿಳಿ ಪಂಚೆ ಉಟ್ಟು ಜೀಪಿನಲ್ಲಿ ಬಂದ. ಬೋರಲು ಪುಟ್ಟಿಗಳನ್ನು ನೋಡಿ ಹಲ್ಲು ಕಿರಿದ. ಬಾಗಿಲು ಹಾಕಿದವಳು ಈ ಮುದುಕಿ ಎಂದು ಯಾರೋ ತೋರಿಸಿದರು.

“ಏಮವ್ವ, ಹೊಳಿ ನಿಮ್ಮಪ್ಪಂದೇನು? ಸರ್ಕಾರ ನನಗ ಕೊಟ್ಟೈತಿ.”

“ಸರ್ಕಾರ ಯಾವಾಗರ ಈ ನೀರಾಗ ಕೈ ಇಟ್ಟು ನೋಡೈತೇನಪ್ಪ?” ಎಂದಳು ಅಜ್ಜಿ.

ಜನ ನಕ್ಕರು. ಅವನು ನಗಲಿಲ್ಲ. ಸೋಮವಾರದೊಳಗೆ ನೀವು ಬಲೆ ಹಾಕದಿದ್ದರೆ ಹೊರಗಿನವರನ್ನು ಕರೆತಂದು ಹಾಕಿಸುತ್ತೇನೆ, ಆಮೇಲೆ ಈ ಕೇರಿಯ ಒಂದು ಪುಟ್ಟಿಯೂ ನೀರಿಗಿಳಿಯಬಾರದು ಎಂದು ಹೇಳಿ ಹೋದ.

ಅಂದಿನಿಂದ ಕೇರಿ ಮುಖ ತಿರುಗಿಸಿತು. ನಿನ್ನೆಯವರೆಗೆ ಹುಲಿಗೆಮ್ಮವ್ವ ಅನ್ನುತ್ತಿದ್ದವರು ಬಾವಿಯ ಹತ್ತಿರ ಅಜ್ಜಿಗೆ ಜಾಗ ಬಿಡದಾದರು. ಮಕ್ಕಳು ನನ್ನನ್ನು ಪುಟ್ಟಿಯ ಅಡಿಗೆ ಕೂಡಿಸಿ ಮೇಲೆ ಕಲ್ಲು ಬಡಿದರು. ಎಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗಿತ್ತು. ಅಪ್ಪ ತನ್ನ ತಾಯಿಯ ಜೊತೆ ಮಾತು ಬಿಟ್ಟ. ಒಂದು ಮಧ್ಯಾಹ್ನ ರೊಟ್ಟಿಯ ಪರಾತವನ್ನು ಕಾಲಿನಿಂದ ಸರಿಸಿ ಎದ್ದ.

“ನಿನ್ನ ಕೈ ನೋಡಿಕೋಂತ ಕುಂತ್ರ ನನ್ನ ಮಕ್ಕಳ ಬಾಯಾಗ ಮಣ್ಣ ಬೀಳತೈತಿ.”

ಅಜ್ಜಿ ಚೆಲ್ಲಿದ ರೊಟ್ಟಿಗಳನ್ನು ಆರಿಸಿ ಕೊಡವಿ ಇಟ್ಟಳು.

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ವರ್ಷದಿಂದಲೇ ಅವಳಿಗೆ ಅಂಗೈ ಗೆರೆ ಕಾಣುತ್ತಿರಲಿಲ್ಲ. ಬಿದ್ದುಗಿದ್ದೇನು ಎಂಬ ನೆವ ಮಾಡಿ ನನ್ನನ್ನು ಜೊತೆಗೆ ಕರೆದೊಯ್ದು, ಅವಳು ಕೈ ಮುಳುಗಿಸುವುದು, ನಾನು ನೋಡಿ ಕಿವಿಯಲ್ಲಿ ಹೇಳುವುದು. ಮಡುವಿನ ಬೀಗದ ಕೈ ನನ್ನ ಕಣ್ಣಿನಲ್ಲಿತ್ತು.

ಭಾನುವಾರ ಬೆಳಿಗ್ಗೆ ಇಳಿದೆವು. ದಂಡೆಯ ಮೇಲೆ ಇಡೀ ಕೇರಿ ನಿಂತಿತ್ತು, ಮುಂದುಗಡೆ ಅಪ್ಪ. ಅಜ್ಜಿ ಕೈ ಮುಳುಗಿಸಿದಳು. ನೀರು ಇನ್ನೂ ಇಟ್ಟಂಗಿಯ ಬಣ್ಣ. ಗೆರೆ ಹೋಗಲಿ, ಬೆರಳೇ ಮಸುಕು.

“ಗೆರಿ ಕಾಣಾಕತ್ಯಾವೇನು?”

ನಾನು ಅಪ್ಪನ ಮುಖ ನೋಡಿದೆ. ಅವನು ತನ್ನ ಅವ್ವನ ಜೊತೆ ಮಾತಾಡಬೇಕಿತ್ತು, ನನಗೆ ಬೇಕಾಗಿದ್ದು ಅಷ್ಟೇ. ಮೀನಿನ ಸಾರಿನ ಆಸೆಯೂ ಇತ್ತು, ಅದನ್ನೇಕೆ ಮುಚ್ಚಿಡಲಿ.

“ಕಾಣಾಕತ್ಯಾವ ಅಜ್ಜಿ.”

ಅಜ್ಜಿ ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದಳು. ಆಮೇಲೆ ನೆಟ್ಟಗಾಗಿ ಕೈಯೆತ್ತಿದಳು. ಪುಟ್ಟಿಗಳು ದಡದಡ ಮಗುಚಿ ನೀರಿಗೆ ಬಿದ್ದವು. ಅಪ್ಪ ಓಡಿ ಬಂದು ಅಜ್ಜಿಯ ತೋಳು ಹಿಡಿದು ದಂಡೆಗೆ ಹತ್ತಿಸಿದ.

ಅಂಥ ಮೀನನ್ನು ನಾನು ಆಮೇಲೆ ನೋಡಿಲ್ಲ. ಕೆಂಪು ಬಾಲದ ಗೆಂಡೆ, ಒಂದೊಂದು ನನ್ನ ತೋಳಿಗಿಂತ ಉದ್ದ. ಬಲೆ ಎಳೆಯಲು ಹೆಂಗಸರೂ ಕೈಹಚ್ಚಿದರು. ಮಧ್ಯಾಹ್ನ ಎಲ್ಲರೂ ಕೊಯ್ಯಲು ಕುಳಿತೆವು. ಕೊಯ್ದ ಹೊಟ್ಟೆಯಲ್ಲೆಲ್ಲ ತತ್ತಿ. ಸಾಸಿವೆಯಂಥ, ಹಳದಿ, ಮುದ್ದೆಮುದ್ದೆ. ಇನ್ನೂ ಇಟ್ಟಿರಲೇ ಇಲ್ಲ.

ಬಾಗಿಲು ತೆಗೆ ತೆಗೆ ಎಂದವರೇ ಈಗ ಬಾಗಿಲು ತೆಗೆದವಳ ಮೇಲೆ ತಿರುಗಿದರು. ಒಬ್ಬಳು ಮೊರದ ತುಂಬ ತತ್ತಿ ತಂದು ನಮ್ಮ ಹೊಸ್ತಿಲ ಮೇಲೆ ಸುರಿದಳು. “ತಗೋ ಹುಲಿಗೆಮ್ಮ, ನಿನ್ನ ಗೆರಿ” ಎಂದಳು. ಆಮೇಲೆ ಇನ್ನೊಬ್ಬಳು. ಗುತ್ತಿಗೆದಾರ ಬಂದು ಬುಟ್ಟಿ ತುಂಬಿಸಿಕೊಂಡು, ಅಜ್ಜಿಗೆ ಕೈಮುಗಿದು ಅಣಕಿಸಿ ಹೋದ. ಮೊಮ್ಮಗಳು ಸುಳ್ಳು ಹೇಳಿದಳು ಎಂದು ಅಜ್ಜಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನೊಣ ಮುಸುರುತ್ತಿದ್ದ ಆ ತತ್ತಿಯನ್ನು ಸೆರಗಿಗೆ ಬಳಿದುಕೊಂಡು ಹೊಳೆಗೆ ಹೋದಳು. ನಾನು ಹಿಂದೆ ಹೋದೆ. ಸತ್ತ ತತ್ತಿ ನೀರಿಗೆ ಹಾಕಿದರೆ ಮರಿಯಾಗುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಸೆರಗು ಬಿಚ್ಚಿ ಬಿಟ್ಟಳು.

ಅಜ್ಜಿ, ನಾ ಸುಳ್ಳು ಹೇಳಿದೆ ಎಂದೆ.

“ಗೊತ್ತೈತಿ. ನೀರು ಇನ್ನೂ ಮಣ್ಣಮಣ್ಣ ನಾರಾಕತ್ತಿತ್ತು.”

ಹಾಗಾದರೆ ಕೈ ಯಾಕೆ ಎತ್ತಿದಿ ಎಂದು ಕೇಳಿದೆ.

“ನಿಮ್ಮಪ್ಪ ಆರು ದಿನ ನನ್ನ ಮಾತಾಡಿಸಿರಲಿಲ್ಲವ್ವ. ನೀ ಸುಳ್ಳ ಕೊಟ್ಟಿ, ನಾ ತಗೊಂಡೆ. ಕೊಟ್ಟಾಕಿಗಿಂತ ತಗೊಂಡಾಕಿದು ದೊಡ್ಡ ತಪ್ಪು.”

ಮರುವರ್ಷ ಕೆಂಪು ನೀರು ಬಂದಾಗ ಯಾರೂ ಪುಟ್ಟಿ ಬೋರಲು ಹಾಕಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಆಮೇಲೆ ಸೊಳ್ಳೆಪರದೆಯಂಥ ಬಲೆ ಬಂತು, ಅದಾದ ಮೇಲೆ ನೀರಿನಲ್ಲಿ ಮದ್ದಿನ ತೋಟಾ ಸಿಡಿಸುವವರು ಬಂದರು. ಮಡುವಿನ ಮೇಲೆ ಬಿಳಿ ಹೊಟ್ಟೆ ಮಾಡಿಕೊಂಡು ತೇಲಿದ ಮೀನನ್ನು ಕಂಡಾಗಲೆಲ್ಲ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡಿದ್ದೇನೆ. ಆ ಬಿಳಿ ಪಂಚೆಯವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನೂ ಅಷ್ಟೇ.

ಈಗ ಸಂತೋಷದ ಮಾತು. ನಮ್ಮ ಕೇರಿಯ ಹುಡುಗ-ಹುಡುಗಿಯರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದು, ಬೈಸಿಕೊಂಡು, ತಿರುಗಿ ಬೈದು, ಮಡು ಕಾಯುವ ಹಕ್ಕನ್ನು ಕೇರಿಗೇ ಬರೆಸಿಕೊಂಡಿದ್ದಾರೆ. ಬಾಗಿಲು ಹಾಕಲು ಕೇರಿ ಆರಿಸಿದ್ದು ಯಾರನ್ನು? ಅದೇ ಕೇರಿಗೆ ಮದುವೆ ಮಾಡಿ ಕೊಟ್ಟ ನನ್ನ ಮಗಳ ಮಗಳು ರೇಣುಕಾಳನ್ನು. ಕೇರಿ ಬಿಟ್ಟು ಬಂದು ನಾನೀಗ ಇರುವ ಕೌಲ್ ಬಜಾರಿನ ಓಣಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದೆ. ಮೊಮ್ಮಗಳ ಮದುವೆ ಗೊತ್ತಾಯಿತೇ ಎಂದು ಪಕ್ಕದ ಮನೆಯ ಬೀಬಿ ಕೇಳಿದಳು. ಮದುವೆಗಿಂತ ದೊಡ್ಡದು ಎಂದೆ.

ಹೋದ ವಾರ ರೇಣುಕಾ ಬಂದಿದ್ದಳು. ಮಡುವಿನಲ್ಲಿ ಮೊದಲಿದ್ದ ಮೀನುಗಳ ಹೆಸರನ್ನು ನನ್ನಿಂದ ಕೇಳಿ ಬರೆದುಕೊಂಡಳು. ಈಗಲೂ ಸಿಗುವುದರ ಮುಂದೆ ಒಂದು ಗೀಟು, ಸಿಗದಿರುವುದರ ಮುಂದೆ ಸೊನ್ನೆ. ಕೆಂಪು ಬಾಲದ ಗೆಂಡೆ ಎಂದಾಗ ಅವಳು ತಲೆಯೆತ್ತಿದಳು. ಅವಳು ಅದನ್ನು ನೋಡಿಲ್ಲ, ಅವಳ ಅವ್ವನೂ ನೋಡಿಲ್ಲ.

“ಬಾಗಲಾ ಹಾಕಿದ್ರ ತಿರುಗಿ ಬರತಾವೇನಜ್ಜಿ?”

ಬರುತ್ತವೆ ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ಆ ಮುಖ ನೋಡಿದರೆ ಯಾರಾದರೂ ಹೇಳಿಬಿಡುತ್ತಾರೆ.

“ನನಗ ಗೊತ್ತಿಲ್ಲವ್ವ” ಎಂದೆ.

ಅವಳು ಆ ಹೆಸರಿನ ಮುಂದೆ ಏನೂ ಬರೆಯದೆ ಜಾಗ ಬಿಟ್ಟಳು.