ಕೌದಿಯ ಮೂಲೆಯ ಮೂತಿಹುಳ

ಹುಳವನ್ನು ನಾನೇ ಹಿಡಿದು ತಂದು ಇಟ್ಟೆ ಅಂದರು. ಆ ಮಾತು ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ. ಕಳ್ಳ ಅಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನಕ್ಕು ಎದ್ದು ಬರುತ್ತಿದ್ದೆ.

ನಾನು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಬ್ಬಿಣ ತಿರುವುತ್ತಾ ತಲೆ ನೆರೆತಿದೆ. ಅಳತೆ ಕೂದಲಷ್ಟು ತಪ್ಪಿದರೂ ಪೀಸ್ ವಾಪಸ್ ಬರುವ ಕೆಲಸ ಅದು. ನನ್ನ ಪೀಸ್ ವಾಪಸ್ ಬಂದದ್ದಿಲ್ಲ. ಇದನ್ನು ಜಂಬಕ್ಕೆ ಅಂತಲೇ ಹೇಳುತ್ತಿದ್ದೇನೆ, ತಪ್ಪೇನಿಲ್ಲ.

ಕ್ಯಾಮೆರಾ ಬಂದದ್ದು ಒಬ್ಬ ಮದುವೆ ಫೋಟೋಗ್ರಾಫರ್ ಬೇಡವೆಂದು ಮಾರಿದಾಗ. ಹುಳುಹುಪ್ಪಟೆಯ ಕಣ್ಣು, ಮೀಸೆ ಕಾಣಬೇಕಾದರೆ ಬೇರೆ ಲೆನ್ಸೇ ಬೇಕು, ಅದು ನಿಮ್ಮ ಕೈಗೆ ಎಟುಕುವುದಲ್ಲ ಅಂದರು ಅಂಗಡಿಯವರು. ಲೆನ್ಸಿಗೂ ಕ್ಯಾಮೆರಾಗೂ ನಡುವಿನ ದೂರ ಹೆಚ್ಚಿಸಿದರೆ ಸಣ್ಣದು ದೊಡ್ಡದಾಗಿ ಕಾಣುತ್ತದೆ, ಗುಟ್ಟು ಇಷ್ಟೇ ಅಂತ ನನಗೆ ಗೊತ್ತಾಯಿತು. ಊಟದ ಬಿಡುವಿನಲ್ಲಿ ಅಲ್ಯೂಮಿನಿಯಂ ತುಂಡೊಂದನ್ನು ಲೇತಿಗೆ ಕಟ್ಟಿ ಕೊಳವೆ ತಿರುವಿ, ಎರಡರ ನಡುವೆ ಕೂರಿಸಿದೆ. ಬೆಳಕು ಮೆತ್ತಗಾಗಲಿ ಅಂತ ಫ್ಲ್ಯಾಶಿನ ಮುಂದೆ ತೊಳೆದ ಹಾಲಿನ ಪಾಕೆಟ್ ಕಟ್ಟಿದೆ. ಬಟವಾಡಿಯ ಬಾಡಿಗೆ ಮನೆಯ ತಾರಸಿಯಲ್ಲಿ ಒಂದು ಕರಿಬೇವಿನ ಕುಂಡವಿದೆ. ಅದರ ಕಟ್ಟಿರುವೆಗಳ ಮುಂದೆ ನಾನು ಮಂಡಿಯೂರಿ ಕೂತರೆ ಹೆಂಡತಿ ಮೆಟ್ಟಿಲ ಮೇಲಿಂದಲೇ ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು: “ನಮ್ಮಪ್ಪ ಬಂದ್ರೆ ಐದ್ ನಿಮಿಷ ಕೂರಕ್ಕೆ ಟೈಮಿಲ್ಲ. ಇರುವೆ ಮುಂದೆ ನೋಡಿ, ಹೆಂಗ್ ಕೈಮುಕ್ಕೊಂಡು ಕೂತವ್ರೆ!”

ಹುಳವನ್ನು ಮುಟ್ಟಬಾರದು ಅನ್ನುವುದು ನನ್ನ ಒಂದೇ ಕಟ್ಟುಪಾಡು. ಫ್ರಿಜ್ಜಿನಲ್ಲಿಟ್ಟು ಮಂಕು ಹಿಡಿಸಿ, ಎಲೆಗೆ ಗಮ್ ಹಾಕಿ ಕೂರಿಸಿ ಫೋಟೋ ಹೊಡೆಯುವವರಿದ್ದಾರೆ. ಅವರ ಹುಳ ನೋಡಿದರೇ ಗೊತ್ತಾಗುತ್ತದೆ, ಕಾಲಿನಲ್ಲಿ ಜೀವ ಇರುವುದಿಲ್ಲ. ನಾನು ಕಾಯುತ್ತೇನೆ. ಹೆಂಡತಿಯ ತವರು ಕುಣಿಗಲ್ ಕಡೆ. ಅಲ್ಲಿಗೆ ಹೋದಾಗ ಹುತ್ರಿದುರ್ಗದ ಬಂಡೆಯ ಇಳಿಜಾರಿನಲ್ಲಿ ಒಂದು ವಿಷ್ಣುಕ್ರಾಂತಿ ಹೂವಿಗಾಗಿ, ಅದೂ ಶರ್ಟಿನ ಗುಂಡಿಗಿಂತ ಸಣ್ಣದು, ಗಾಳಿ ನಿಲ್ಲಲಿ ಅಂತ ಅರ್ಧ ದಿನ ಹೊಟ್ಟೆಯ ಮೇಲೆ ಮಲಗಿದ್ದೇನೆ.

ಇನ್ನು ಕೌದಿಯ ವಿಚಾರ. ಗುಬ್ಬಿಯಲ್ಲಿರುವ ನನ್ನ ಅಕ್ಕ ಹಳೇ ಬಟ್ಟೆಯ ಕೌದಿ ಹೊಲಿಯುತ್ತಾಳೆ. ಕೈಹೊಲಿಗೆಯೇ, ಮಿಷನ್ ಮುಟ್ಟುವುದಿಲ್ಲ. ಅವ್ವ ತೀರಿಕೊಂಡ ವರ್ಷ ಅವ್ವನ ಸೀರೆಗಳನ್ನೆಲ್ಲ ಸೇರಿಸಿ ಒಂದು ಹೊಲಿದು ನನಗೆ ಕೊಟ್ಟಳು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಕೊನೇ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ರಾಗಿ ಹಾಕುವುದು. ಕೌದಿ ಹಸಿದುಕೊಂಡಿರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಅನ್ನುತ್ತಿದ್ದಳು ಅವ್ವ. ಮುಚ್ಚಿದ ಮೂಲೆಯನ್ನು ಮತ್ತೆ ಬಿಚ್ಚುವಂತಿಲ್ಲ.

ಒಂದು ಭಾನುವಾರ ಆ ಕೌದಿಯನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿ, ಹೊಲಿಗೆಯ ಫೋಟೋ ತೆಗೆಯುತ್ತಿದ್ದೆ. ಹತ್ತಿರದಿಂದ ನೋಡಿದರೆ ಒಂದೊಂದು ಹೊಲಿಗೆಯೂ ಉತ್ತ ಸಾಲಿನ ಹಾಗೆ ಕಾಣುತ್ತದೆ. ಆ ಕೊನೇ ಮೂಲೆಯಲ್ಲಿ, ಎರಡು ದಾರದ ಸಂದಿನಿಂದ, ಎಳ್ಳುಕಾಳಿಗಿಂತ ಸಣ್ಣ ಮೂತಿಯೊಂದು ಹೊರಗೆ ಬಂತು. ಫೋಕಸ್ ಹಿಡಿಯುವಷ್ಟರಲ್ಲಿ ಒಳಗೆ ಹೋಯಿತು. ಮೂರು ಬೆಳಿಗ್ಗೆ ಕಾದೆ. ಮೂರನೇ ದಿನ ಮೂತಿ, ತಲೆ ಹೊರಗೆ ಚಾಚಿ, ಮುಂದಿನ ಎರಡು ಕಾಲನ್ನು ಅವ್ವನ ಹಸಿರು ಸೀರೆಯ ಮೇಲೆ ಊರಿ ಹುಳ ನಿಂತಿತು. ಉಸಿರು ಬಿಗಿಹಿಡಿದು ಒತ್ತಿದೆ. ನನ್ನ ಜೀವಮಾನದ ಫೋಟೋ ಅದು.

ತುಮಕೂರಿನಲ್ಲಿ ಹವ್ಯಾಸಿಗಳೆಲ್ಲ ಸೇರಿ ಮಾಡಿದ ಪ್ರದರ್ಶನಕ್ಕೆ ಅದನ್ನೇ ಕೊಟ್ಟೆ. ಕೆಳಗೆ ನಾನೇ ಬರೆದೆ: “ಕೌದಿಯ ಮೂಲೆಯಲ್ಲಿ ಹೊಲಿದಿಟ್ಟ ರಾಗಿ ತಿಂದು ಹೊರಬರುತ್ತಿರುವ ಮೂತಿಹುಳ.”

ತೀರ್ಪು ಕೊಡಲು ಬಂದವರು ಮೈತುಂಬ ಜೇಬಿದ್ದ ಕೋಟು ತೊಟ್ಟಿದ್ದರು. ನನ್ನ ಫೋಟೋದ ಮುಂದೆ ನಿಂತರು.

“ಇದು ಯಾರದು?”

“ನಂದೇ ಸಾರ್.”

“ಏನ್ ಕೆಲ್ಸ ಮಾಡ್ತೀರಿ?”

“ಲೇತಲ್ಲಿದೀನಿ ಸಾರ್.”

“ಓಹೋ.” ಆ ಓಹೋ ಒಂದಕ್ಕೇ ನನ್ನ ಮೈ ಬಿಸಿಯಾಯಿತು. “ಹುಳನ ಎಲ್ಲಿಂದ ತಂದು ಇಟ್ರಿ?”

“ಇಟ್ಟಿಲ್ಲ ಸಾರ್. ಒಳಗಿಂದ ಅದೇ ಬಂತು.”

“ರಾಗಿಯಿಂದ? ನಾನೂ ಇದೇ ಸೀಮೆಯವ್ನು ಕಣ್ರೀ. ರಾಗಿನ ನೆಲದೊಳಗಿನ ಹಗೇವಲ್ಲಿ ವರ್ಷಗಟ್ಲೆ ತುಂಬಿಟ್ರೂ ಹುಳ ಬೀಳಲ್ಲ. ಚಿಕ್ ಮಕ್ಳಿಗೂ ಗೊತ್ತು. ಹುಳ ಇಟ್ಟು ತೆಗೀರಿ, ಬೇಡ ಅನ್ನಲ್ಲ. ಸುಳ್ ಮಾತ್ರ ಬರೀಬೇಡಿ.”

ಹಿಂದಿನಿಂದ ಯಾರೋ ಕೇಳಿದರು, “ಯಾವ್ ಗಮ್ಮು ಅಣ್ಣ, ಚೆನ್ನಾಗ್ ಹಿಡ್ಕೊಂಡೈತೆ!” ಎಲ್ಲರೂ ನಕ್ಕರು.

ರಾಗಿಯ ಬಗ್ಗೆ ಅವರು ಹೇಳಿದ್ದು ನಿಜ. ಹುಳ ಒಳಗಿಂದ ಬಂದದ್ದೂ ನಿಜ, ನನ್ನ ಕಣ್ಣೇ ಸಾಕ್ಷಿ. ಆದರೆ ಏಳನೇ ಕ್ಲಾಸಿನವನ ಕಣ್ಣಿಗೆ ಅಲ್ಲಿ ಯಾರು ಬೆಲೆ ಕೊಡುತ್ತಾರೆ?

ಹೊರಗೆ ಬಂದು ಆಟೋ ಹತ್ತಿದೆ. ಬಟವಾಡಿಯ ಮನೆಗೆ ಹೋಗಿ ಮಂಚದ ಮೇಲಿದ್ದ ಕೌದಿ ಎಳೆದುಕೊಂಡೆ. ಹೆಂಡತಿ “ಏನಾಯ್ತು, ಹೇಳ್ರೀ” ಅನ್ನುತ್ತಲೇ ಇದ್ದಳು. ವಾಪಸ್ ಪ್ರದರ್ಶನಕ್ಕೆ ಬಂದು ಆ ಕೋಟಿನವರ ಮುಂದಿದ್ದ ಬಿಳಿ ಮೇಜಿನ ಮೇಲೆ ಕೌದಿ ಹಾಸಿದೆ. ಪೀಸಿನ ಅಂಚು ಸವರುವ ಬ್ಲೇಡು ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ಆ ಮೂಲೆಗೆ ಹಾಕಿ ಎಳೆದೆ. ದಾರದ ಜೊತೆಗೆ ಅವ್ವನ ಹಸಿರು ಸೀರೆಯೂ ಗೇಣುದ್ದ ಹರಿಯಿತು.

ಬಿದ್ದದ್ದು ರಾಗಿಯಲ್ಲ. ಅಕ್ಕಿ. ತೂತು ಬಿದ್ದ, ಪುಡಿಯಾದ ಅಕ್ಕಿ. ಜೊತೆಗೆ ನಾಲ್ಕೈದು ಮೂತಿಹುಳ, ಮೇಜಿನ ಮೇಲೆ ದಿಕ್ಕಿಗೊಂದು ಓಡಿದವು.

“ನೋಡಿ ಸಾರ್! ಯಾವ್ ಗಮ್ಮು? ಹೇಳಿ ಈಗ!” ಅಂತ ಕೂಗಿದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು.

ಅವರು ಬಗ್ಗಿ ನೋಡಿದರು. “ಹೂಂ. ಹುಳ ನಿಜ. ಆದ್ರೆ ನೀವ್ ರಾಗಿ ಅಂತ ಬರ್ದಿದೀರಿ, ಇದು ಅಕ್ಕಿ. ಬರ್ದಿದ್ದು ಸುಳ್ಳೇ ಆಯ್ತಲ್ಲ?” ಅಂದು ಮುಂದಿನ ಫೋಟೋಕ್ಕೆ ಹೋದರು. ಆಡಿದ್ದು ತಪ್ಪಾಯಿತು ಅಂತ ಅವರ ಬಾಯಲ್ಲಿ ಒಂದು ಮಾತಿಲ್ಲ. ನಕ್ಕವರೆಲ್ಲ ಮೊಬೈಲು ತೆಗೆದು ಹರಿದ ಕೌದಿಯ ಫೋಟೋ ಹೊಡೆಯುತ್ತಿದ್ದರು. ಗೋಡೆಯ ಮೇಲಿದ್ದ ನನ್ನ ಫೋಟೋ ಕಿತ್ತುಕೊಂಡು ಬಂದೆ. ಕಿತ್ತದ್ದಕ್ಕೆ ಪಶ್ಚಾತ್ತಾಪವಿಲ್ಲ.

ಆ ಕೌದಿ ಹೊತ್ತು ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಕೋಟಿನವರನ್ನು ಬಯ್ದುಕೊಂಡೆ, ಆಮೇಲೆ ಅಕ್ಕನನ್ನೂ ಬಯ್ದುಕೊಂಡೆ. ಒಂದು ಚಿಟಿಕೆ ರಾಗಿ ಸಿಗಲಿಲ್ಲವೇ ಇವಳಿಗೆ? ಒಳಗೆ ಹೋದವನೇ ಕೌದಿಯನ್ನು ಅವಳ ಮುಂದೆ ಎಸೆದೆ.

“ಅವ್ವ ಯಾವತ್ತೂ ರಾಗಿನೇ ಹಾಕ್ತಿದ್ದಿದ್ದು. ನೀನ್ಯಾಕೆ ಸೊಸೈಟಿ ಅಕ್ಕಿ ಹಾಕ್ದೆ? ಊರೋರ್ ಮುಂದೆ ನನ್ನ ಸುಳ್ಳ ಅನ್ನಿಸ್ದಲ್ಲ!”

ಅಕ್ಕ ಹರಿದ ಮೂಲೆಯನ್ನು ತೊಡೆಯ ಮೇಲೆ ಹರವಿಕೊಂಡಳು.

“ಅವ್ವ ಬೇರೆಯೋರ್ ಕೌದಿಗೆ ರಾಗಿ ಹಾಕ್ತಿದ್ಲು. ಇದು ಅವ್ವಂದೇ ಕೌದಿ ಕಣೋ. ಜನ್ಮಪೂರ್ತಿ ಮುದ್ದೆ ತಿಂದೋಳು. ಅನ್ನ ಅಂದ್ರೆ ಎಷ್ಟ್ ಆಸೆ ಇತ್ತು, ಮರ್ತೋಯ್ತಾ? ಹಬ್ಬದಲ್ಲಿ ಮಾಡಿದ್ರೂ ನಿಂಗ್ ಬಡಿಸಿ ತಳ ಕೆರ್ಕೊಂಡು ತಿಂತಿದ್ಲು. ಅದಕ್ಕೇ ಅಕ್ಕಿ ಹಾಕ್ದೆ. ಬರ್ಯೋಕ್ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಿತ್ತೇನ್ಲಾ?”

ಕೇಳಿರಲಿಲ್ಲ. ಇಷ್ಟು ವರ್ಷ ಅಳೆಯದೆ ಒಂದು ಪೀಸಿಗೂ ಕೈ ಹಾಕದವನು, ಹೊಲಿದವಳನ್ನು ಒಂದು ಮಾತು ಕೇಳದೆ ಬರೆದಿದ್ದೆ. ಮೂತಿಹುಳ ಅಕ್ಕಿಯದು ಅಂತ ಹುಳ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು.

“ಅದ್ ಹೋಗ್ಲಿ, ಯಾವನೋ ನಂಬ್ಲಿ ಅಂತ ಅವ್ವನ ಸೀರೆಗೆ ಬ್ಲೇಡ್ ಹಾಕ್ದಲ್ಲೋ,” ಅಂದಳು. ಅವಳ ಸಿಟ್ಟು ನನ್ನದರಂತೆ ಕೂಗುವ ಸಿಟ್ಟಲ್ಲ. ಒಳಗೆ ಹೋಗಿ ಮುಷ್ಟಿಯಲ್ಲಿ ಅಕ್ಕಿ ತಂದು, ಮೂಲೆಗೆ ಸುರಿದು, ಸೂಜಿ ದಾರ ನನ್ನ ಕೈಗೆ ತುರುಕಿದಳು. “ನೀನ್ ಹರ್ದಿದ್ದು, ನೀನೇ ಹೊಲಿ.”

ಕಬ್ಬಿಣ ಹಿಡಿದ ಬೆರಳಲ್ಲಿ ಸೂಜಿ ನಿಲ್ಲುವುದಿಲ್ಲ. ಆದರೂ ಹಟ ಹಿಡಿದು ಹೊಲಿದೆ. ಒಂದೊಂದು ಹೊಲಿಗೆಯೂ ಒಂದೇ ಅಳತೆ, ದಾರ ಬಿಗಿಯಾಗಿ, ಗೆರೆ ಎಳೆದ ಹಾಗೆ. ಮುಗಿಸಿ ಮುಂದೆ ಹಿಡಿದೆ. ಅಕ್ಕ ಬೆರಳಲ್ಲಿ ಸವರಿ ನೋಡಿದಳು.

“ಇಷ್ಟ್ ಬಿಗಿ ಹೊಲಿದ್ರೆ ಒಂದ್ ಸಲ ಒಗೆದ್ರೆ ಸೀರೆ ಮತ್ತೆ ಹರ್ಯುತ್ತೆ. ಬಿಚ್ಚು.”

ಮೈಯೆಲ್ಲ ಉರಿಯಿತು. ನನ್ನ ಪೀಸ್ ವಾಪಸ್ ಬಂದದ್ದು ಅದೇ ಮೊದಲು. ಹಲ್ಲು ಕಚ್ಚಿಕೊಂಡು ಬಿಚ್ಚಿದೆ.