ತೊಳೆಯದೆ ಬಂದ ಕಾಲು

ಸುರಪುರದ ಬಸ್ ನಿಲ್ದಾಣದಲ್ಲಿ ದೇವಕಮ್ಮನನ್ನು ಗುರುತಿಸುವುದು ಕಷ್ಟವಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ, ಕಂಕುಳಲ್ಲಿ ಊರುಗೋಲು. ಯಾರಾದರೂ ಕನಿಕರದಿಂದ ನೋಡಿ ಮುಖ ತಿರುಗಿಸಿದರೆ, "ನೋಡ್ರಿ, ನಾಚಬ್ಯಾಡ್ರಿ. ನೋಡ್ಲಿ ಅಂತನಽ ತಿರಗಾಕತ್ತೀನಿ" ಎಂದು ತಾನೇ ಮಾತಿಗೆ ಎಳೆಯುತ್ತಾಳೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಹೊಲದ ಕೆಲಸದವರಾಗಿದ್ದರಂತೂ, ಹುಣಸಗಿ ಬರುವುದರೊಳಗೆ ಅವರ ಅಂಗಾಲನ್ನು ಒಮ್ಮೆ ನೋಡದೆ ಬಿಡುವುದಿಲ್ಲ.

ಒಂದು ಕಾಲಕ್ಕೆ ಅವಳೂ ಹತ್ತಿಯ ಹೊಲದಲ್ಲಿ ಕಳೆ ಕೀಳುತ್ತಿದ್ದವಳು. ಹೊಲ ತಾಯಿ, ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಒಳಗೆ ಇಳಿಯಬೇಕು. ಹಾಗೆ ಇಳಿದಾಗ ಜಾಲಿಮುಳ್ಳು ಚುಚ್ಚಿತು. ಸೂಜಿಯಿಂದ ತೆಗೆದಳು, ಮರೆತಳು. ಆಮೇಲೆ ಪಾದ ಊದಿಕೊಂಡಿತು. ನೋವಿಲ್ಲದ್ದರಿಂದ ಯಾರೂ ಚಿಂತಿಸಲಿಲ್ಲ. ವರ್ಷಗಳು ಉರುಳಿ, ಬಾವು ಅಲ್ಲಲ್ಲಿ ತೂತುಬಿದ್ದು, ಕೀವಿನೊಡನೆ ಕರಿಯ ಕಾಳುಗಳು ಬರತೊಡಗಿದಾಗ ರೋಗ ಎಲುಬನ್ನು ಸೇರಿತ್ತು. ಕಾಲು ಹೋಯಿತು.

ಅದೇನು ರೋಗವೆಂದು ಅವಳಿಗೆ ತಿಳಿದದ್ದು ಆಮೇಲೆ, ಡಾಕ್ಟರ್ ಅನುರಾಧಾ ಅವರಿಂದ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಅನುರಾಧಾ ತಿಂಗಳಿಗೊಮ್ಮೆ ಸುರಪುರಕ್ಕೆ ಬಂದು ಒಂದು ಬಾಡಿಗೆಯ ಕೋಣೆಯಲ್ಲಿ ಇಂಥ ಕಾಲುಗಳನ್ನು ಪರೀಕ್ಷಿಸುತ್ತಿದ್ದರು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಮುಳ್ಳಿನ ಗಾಯದೊಳಗೆ ಸೇರಿ ಬೆಳೆಯುತ್ತದೆ ಎಂದು ಅವರು ವಿವರಿಸಿದರು. ದೇವಕಮ್ಮ ಅದನ್ನು ಓಣಿಯ ಹೆಂಗಸರಿಗೆ ತನ್ನ ರೀತಿಯಲ್ಲಿ ಹೇಳಿದಳು: "ತಂಗಳ ರೊಟ್ಟಿಗೆ ಬೂಸರು ಹಿಡಿತೈತಿಲ್ಲ, ಅದರ ಬಳಗದ್ದು. ಮುಳ್ಳಿನ ಜೋಡಿ ಒಳಗ ಹೊಕ್ಕು ಮನಿ ಮಾಡ್ತೈತಿ." ಅಂದಿನಿಂದ ಇಂಥ ಕಾಲಿನವರನ್ನು ಹುಡುಕಿ ಡಾಕ್ಟರ ಕೋಣೆಗೆ ಕರೆತರುವುದು ಅವಳ ಕೆಲಸವಾಯಿತು.

ಈ ಭಾಗದಲ್ಲಿ ಈ ರೋಗ ಎಷ್ಟಿದೆ ಎಂದು ಯಾರೂ ಸರಿಯಾಗಿ ಹುಡುಕಿರಲಿಲ್ಲ. ಕರಿಯ ಕಾಳು ಕೈಗೆ ಸಿಕ್ಕು, ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರೆ ಮಾತ್ರ ಸಂಶೋಧನೆಗೆ ನೆರವು ದೊರೆಯುತ್ತಿತ್ತು. ರೋಗಿಗೂ ಅದೇ ಮುಖ್ಯ. ನೋಡಲು ಹೀಗೆಯೇ ಇರುವ ಇನ್ನೊಂದು ಬಾವು ಉಂಟು. ಅದರ ಔಷಧವೇ ಬೇರೆ.

ಒಂದು ಸಲ ಹೀಗೆ ಪಣಕ್ಕೆ ಬಿದ್ದದ್ದು ರಂಗಂಪೇಟೆಯ ದುರಗಮ್ಮನ ಬಲಗಾಲು. ಅವಳು ದೇವಕಮ್ಮನ ಜೊತೆಗೆ ಕಳೆ ಕಿತ್ತವಳು. ಗಾಯ ತೊಳೆಯದೆ, ಕಾಳು ಅಂಟಿಕೊಳ್ಳಲೆಂದು ತೆಳುಬಟ್ಟೆಯ ಪಟ್ಟಿ ಕಟ್ಟಿ, ರಾತ್ರಿಯಿಡೀ ಬಿಟ್ಟು, ಬಿಚ್ಚದೆ ಬಾ ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದ್ದರು. ಎರಡು ಸಲವೂ ಅವಳು "ಹೂಂನ್ರಿ" ಎಂದು, ಕಾಲನ್ನು ಬೆಳಗಿದ ತಾಮ್ರದಂತೆ ತೊಳೆದುಕೊಂಡು, ಹೊಸ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಕಾಳು ಸಿಗಲಿಲ್ಲ. ಅಷ್ಟರಲ್ಲಿ ಬೇರೊಂದು ಊರಿನ ಆಸ್ಪತ್ರೆಯವರು ಪಾದ ತೆಗೆಯಲು ದಿನ ಗೊತ್ತುಮಾಡಿದ್ದರು. ಈ ತಿಂಗಳು ಕಾಳು ಸಿಕ್ಕರೆ, ಸರಿಯಾದ ಔಷಧದಿಂದ ಪಾದ ಉಳಿಸಬಹುದೆಂದು ತಾವು ಮಾತಾಡಿ ತಡೆಯಬಹುದು, ಇಲ್ಲದಿದ್ದರೆ ತಮ್ಮ ಬಳಿ ಆಧಾರವೇ ಇಲ್ಲ ಎಂದಿದ್ದರು ಅನುರಾಧಾ.

ಹಿಂದಿನ ಸಂಜೆ ದೇವಕಮ್ಮ ಪಟ್ಟಿಯ ಸುರುಳಿ ಹಿಡಿದು ದುರಗಮ್ಮನ ಕಟ್ಟೆಯ ಮೇಲೆ ಬಂದು ಕುಳಿತಳು.

"ದುರ್ಗಿ, ನಿನ್ನ ಕಾಲು ನಿನಗ ಬ್ಯಾಸರ ಬಂದೈತೇನು? ತೊಳೀಬ್ಯಾಡ ಅಂದ್ರೂ ಯಾಕ ತೊಳೀತಿ?"

"ತೊಳೀದಽ ಹ್ಯಾಂಗ ಹೋಗ್ಲಿ ಯಕ್ಕ?" ದುರಗಮ್ಮ ತಲೆ ತಗ್ಗಿಸಿದಳು. "ಆ ಡಾಕ್ಟರಮ್ಮ ನೆಲದಾಗ ಕುಂದ್ರತಾಳ. ನನ್ನ ಕಾಲ ತಗದು ತನ್ನ ತೊಡಿ ಮ್ಯಾಲ ಇಟ್ಕೋತಾಳ. ಅಂಥಾಕಿ ತೊಡಿ ಮ್ಯಾಲ ಈ ಕೀವು, ಈ ನಾತ ಇಡ್ಲೇನು? ನನಗ ಪಾಪ ಹತ್ತೂದಿಲ್ಲೇನು?"

ದೇವಕಮ್ಮ ಬೈಯಲೆಂದೇ ಬಂದಿದ್ದವಳು. ಬೈಗುಳ ಬಾಯಲ್ಲೇ ಉಳಿಯಿತು. ಕಾಲು ತಾಗಿದರೆ ಕೈಮುಗಿದು ಕಣ್ಣಿಗೊತ್ತಿಕೊಳ್ಳುವ ಜನ ತಾವು. ಇದನ್ನು ಹಟವೆಂದು ಹೇಗೆ ಕರೆಯುವುದು?

"ಬೀಗರ ಮನಿಗೆ ಹೋಗೂವಾಗ ಏನ್ ಮಾಡ್ತಿ?" ಎಂದಳು.

"ಏನ್ ಮಾಡ್ತೀನಿ, ಹೊಸ ಸೀರಿ ಉಡ್ತೀನಿ."

"ಕಾಲು?"

"ಕಾಲಿಗೆ ಅವರಽ ನೀರು ಕೊಡ್ತಾರಲ್ಲ, ಬಾಗಲದಾಗ."

"ಮನ್ಯಾಗಽ ತೊಳಕೊಂಡು ಹೋಗಿ, ನಿಮ್ಮ ನೀರು ಬ್ಯಾಡ್ರಿ ಅಂದ್ರ?"

"ಅಯ್ಯ, ಸಿಟ್ಟಾಗ್ತಾರ!"

"ಮತ್ತ? ಡಾಕ್ಟರಮ್ಮನ ಮನಿ ನೀರು ನೀ ಎರಡು ಸಲ ಬ್ಯಾಡ ಅಂದೀದಿ. ನಾಳಿ ಆಕೀನಽ ಕೊಡ್ಲಿ. ಅಲ್ಲೀತನಾ ಹಂಗಽ ಬಾ."

ದುರಗಮ್ಮ ಸೀರೆಯ ಅಂಚು ಮೇಲೆತ್ತಿ ಕಾಲು ಮುಂದೆ ಚಾಚಿದಳು. ದೇವಕಮ್ಮ ಪಟ್ಟಿ ಕಟ್ಟಿದಳು.

ಬೆಳಿಗ್ಗೆ ದುರಗಮ್ಮನೊಡನೆ ಆಟೋ ಇಳಿದವಳೇ ದೇವಕಮ್ಮ ಚಮನಬೀಯ ಚಹಾದ ಅಂಗಡಿಗೆ ನಡೆದು, ನೀರು ತುಂಬಿದ ಹಿತ್ತಾಳೆಯ ತಂಬಿಗೆಗೇ ಕೈ ಹಾಕಿದಳು.

"ಅರೆ ದೇವಕ್ಕ! ಚಹಾ ಕುಡಿ ಅಂದ್ರ ತಂಬಿಗಿನಽ ಒಯ್ತೀ?"

"ಬೀಗರ ಮನಿಗೆ ಹೊಂಟೀವಿ ಚಮನಬೀ. ಸಂಜೀಕ ಕೊಡ್ತೀನಿ."

"ಬೀಗರ ಮನ್ಯಾಗ ತಂಬಿಗಿ ಇಲ್ಲೇನು? ಎಂಥಾ ಸಂಬಂಧ ಮಾಡೀರವ್ವ!"

ಕೋಣೆಯಲ್ಲಿ ಅನುರಾಧಾ ಎಂದಿನಂತೆ ಚಾಪೆಯ ಮೇಲೆ ಕುಳಿತು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ದುರಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಜಳಕದಾಗೂ ಈ ಕಾಲೊಂದು ಹೊರಗ ಚಾಚಿದ್ದೆ. ನಾತ ಬಂದ್ರ ತಪ್ಪು ತಿಳೀಬ್ಯಾಡ್ರಿ ಯವ್ವ" ಎಂದಳು ಸೆರಗಿನೊಳಗಿಂದಲೇ.

ಪಟ್ಟಿ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಕೊನೆಯ ಮಡಿಕೆಯಲ್ಲಿ, ಹಳದಿ ಕಲೆಯ ನಡುವೆ, ಸಾಸಿವೆಗಿಂತ ಸಣ್ಣವಾಗಿ ಕರಿಯ ಕಾಳುಗಳು ಅಂಟಿಕೊಂಡಿದ್ದವು. ಅನುರಾಧಾ ಉಸಿರು ಬಿಗಿಹಿಡಿದು, ಚಿಮಟದಿಂದ ಅವನ್ನು ಎತ್ತಿ ಸಣ್ಣ ಸೀಸೆಗೆ ಹಾಕಿದರು. ಮುಚ್ಚಳ ಬಿಗಿದ ಮೇಲೆಯೇ ತಲೆ ಎತ್ತಿದ್ದು.

"ಸಾಕಷ್ಟು ಸಿಕ್ಕಾವ ದೇವಕ್ಕ. ಆ ಆಸ್ಪತ್ರೆಯವರಿಗೆ ಈಗಽ ಫೋನ್ ಮಾಡ್ತೀನಿ."

"ಫೋನ್ ಆಮ್ಯಾಲ ಮಾಡ್ರಿ ಮೇಡಮ್ಮಾರ." ದೇವಕಮ್ಮ ತಂಬಿಗೆಯನ್ನು ಮುಂದೆ ಸರಿಸಿ ಹಿಂದಿನ ಸಂಜೆಯ ಬೀಗರ ಮಾತನ್ನು ಹೇಳಿದಳು. "ಮೊದಲ ಇಕೀ ಕಾಲಿಗೆ ನೀರು ಕೊಡ್ರಿ. ಮಾತು ಕೊಟ್ಟು ಕರಕೊಂಡು ಬಂದೀನಿ."

ಅನುರಾಧಾ ನಗಲಿಲ್ಲ. ಅಂಗಳಕ್ಕೆ ಕರೆದೊಯ್ದು, ಬಾವು ಬಂದ ಕಾಲಿಗೂ ಬಾರದ ಕಾಲಿಗೂ ತಾವೇ ನೀರು ಹೊಯ್ದರು. "ಬ್ಯಾಡ್ರಿ ಯವ್ವ, ಬ್ಯಾಡ್ರಿ" ಎನ್ನುತ್ತಲೇ ದುರಗಮ್ಮ ಎರಡೂ ಪಾದಗಳನ್ನು ಒಡ್ಡಿದಳು.

ಕಾಳು ಪ್ರಯೋಗಾಲಯದಲ್ಲಿ ಬೆಳೆಯಿತು; ಶಿಲೀಂಧ್ರವೇ ಎಂದು ಖಚಿತವಾಯಿತು. ಗೊತ್ತುಮಾಡಿದ ದಿನ ರದ್ದಾಯಿತು. ಬಾವಿನ ಗಂಟನ್ನಷ್ಟೇ ಕತ್ತರಿಸಿ ತೆಗೆದರು. ಮಾತ್ರೆಗಳು ವರ್ಷ ದಾಟಿದರೂ ನಿಂತಿಲ್ಲ. ಪಾದ ಉಳಿದಿದೆ. ದುರಗಮ್ಮ ಈಗ ಬದುವಿನ ಮೇಲೆ ನಿಂತು ಹೊಲಕ್ಕೆ ಕೈಮುಗಿದು, ಕ್ಷಮಿಸವ್ವ ಎಂದು ಹೇಳಿ, ಬೂಟು ಹಾಕಿಕೊಂಡೇ ಇಳಿಯುತ್ತಾಳೆ. ಮೊದಲು ನಕ್ಕವರಲ್ಲಿ ಕೆಲವರು ಈಗ ಹಾಗೆಯೇ ಇಳಿಯುತ್ತಾರೆ. ಸಂಶೋಧನೆಗೆ ಮೊದಲ ನೆರವೂ ಬಂದಿದೆ. ಶಹಾಪುರದ ಕಡೆಯಿಂದಲೂ ಜನ ಪಟ್ಟಿ ಬಿಚ್ಚದೆ ಬರುತ್ತಾರೆ; ಕಾಲಿಗೆ ನೀರು ಕೋಣೆಯ ಅಂಗಳದಲ್ಲೇ ಸಿಗುತ್ತದೆ.

ಚಮನಬೀ ಮಾತ್ರ ದೇವಕಮ್ಮ ಕಂಡಾಗಲೆಲ್ಲ ಕೇಳುತ್ತಾಳೆ: "ಏ ದೇವಕ್ಕ, ಸಂಜೀಕ ಕೊಡ್ತೀನಿ ಅಂದಿದ್ದಿ. ನನ್ನ ತಂಬಿಗಿ ಎಲ್ಲಿ?"

"ಬೀಗರು ಇನ್ನಾ ಬರಾಕತ್ಯಾರ ಚಮನಬೀ" ಎನ್ನುತ್ತಾಳೆ ದೇವಕಮ್ಮ, ಊರುಗೋಲನ್ನು ಬೆಂಚಿಗೆ ಒರಗಿಸಿ. "ಮೊದಲ ಚಹಾ ಕೊಡು."