ಗಡಿಸುದ್ದಿಯ ಹಾಲಸ್ವಾಮಿ ಮೇಷ್ಟ್ರು

ಗೋವಿನಕೋವಿಯ ಹಾಲಸ್ವಾಮಿ ಮೇಷ್ಟ್ರು ಯೂನಿವರ್ಸಿಟಿಯಲ್ಲಿ ಹೊಸ ಯಂತ್ರಗಳನ್ನೂ ದೇಶದೇಶಗಳ ಜಗಳವನ್ನೂ ಸಂಶೋಧಿಸುವವರು. ಊರಿಗೆ ಬಂದರೂ ಪಾಠ ನಿಲ್ಲದು. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ಡ್ರೋನ್ ಕಂಡರೆ ಹೊಲಕ್ಕೇ ನುಗ್ಗಿ, "ಇದರ ಚಿಪ್ ಯಾವ ದೇಶದ್ದು ಗೊತ್ತೇನ್ರೀ?" ಎನ್ನುತ್ತಾರೆ. "ಹುಳ ಸತ್ರೆ ಸಾಕು ಸಾರ್, ಅಡ್ಡ ನಿಂತ್ರೆ ನಿಮಗೂ ಹೊಡೀತೈತೆ," ಎನ್ನುತ್ತಾನೆ ಡ್ರೋನ್ ಹಾರಿಸುವ ಬೈಲಪ್ಪ. ಚಹಾದಂಗಡಿಯ ಟೀವಿಯಲ್ಲಿ ಗಡಿಯ ಸುದ್ದಿ ಬಂದರಂತೂ ಮುಗಿಯಿತು, ಲೋಟಗಳೆಲ್ಲ ಕ್ಷಿಪಣಿಗಳಾಗುತ್ತವೆ, ಬನ್ನು ರಾಜಧಾನಿಯಾಗುತ್ತದೆ. ಮೊನ್ನೆ ಹಾಗೇ ಯುದ್ಧ ಹೂಡಿದ್ದಾಗ ಗಾದ್ರಮ್ಮ ಬಂದಳು. ಅವಳ ಮಗ ಗಡಿಯಲ್ಲಿ ಸಿಪಾಯಿ. "ಲಡಾಯಿ ಆಗೇ ಆಗ್ತೈತೇನಪ್ಪಾ?" ಎಂದಳು. ಮೇಷ್ಟ್ರು ಎದ್ದು ಟೀವಿ ಆರಿಸಿದರು. "ನಂಗೊತ್ತಿಲ್ಲಮ್ಮಾ," ಎಂದು ಬೆಂಚಿನಲ್ಲಿ ಜಾಗ ಬಿಟ್ಟು, "ಮಗ ಫೋನ್ ಮಾಡಿದ್ನಾ? ಏನಂದ?" ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೂ ಕಿವಿಗೊಟ್ಟು ಕುಳಿತರು.